ಖಾರದ ಮಿಷನ್ನಿನ ಕೋಣೆ

ದೊಮ್ಮಲೂರು
9 ಜನವರಿ 2024

ಮಗಳು ರಮ್ಯಳಿಗೆ,

ಫೋನ್ ಮಾಡಬೇಡಿ, ಹೇಳುವುದಿದ್ದರೆ ಬರೆದು ಕಳಿಸಿ ಎಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಮಾತು ತಿರುಗಿಸುತ್ತೇನಂತೆ. ಕಾಗದದಲ್ಲಿ ಅಷ್ಟು ಸುಲಭವಾಗಿ ಆಗುವುದಿಲ್ಲವಂತೆ. ಇರಬಹುದು. ಮೊದಲು ನನ್ನನ್ನು ನೀನು ಎನ್ನುತ್ತಿದ್ದೆ, ಈಗ ನೀವು ಎನ್ನುತ್ತೀಯ. ಅದನ್ನೂ ಗಮನಿಸಿದ್ದೇನೆ.

ಅಂಚೆ ಕಚೇರಿಯಾಕೆ ವಿಳಾಸ ನೋಡಿ ನಕ್ಕಳು. ‘ಕೆ.ಆರ್. ಪುರಂಗಾ ಸಾರ್? ಬಸ್ ಹತ್ತಿದ್ರೆ ಒಂದ್ ಗಂಟೆಲಿ ನೀವೇ ಹೋಗ್ಬಿಡ್ತೀರ. ಇದು ನಾಕ್ ದಿನ ಆಗುತ್ತೆ.’ ಆಗಲಿ ಎಂದೆ.

ನಾಳೆಗೆ ನಿನ್ನ ಅಮ್ಮ ಹೋಗಿ ನಾಲ್ಕು ತಿಂಗಳು. ಮನೆಯಲ್ಲಿ ಏನೂ ಬದಲಾಗಿಲ್ಲ. ಅವಳ ಸೀರೆಗಳನ್ನು ನೀನು ಬಂದಾಗ ನೋಡು, ನಾನು ಮುಟ್ಟಿಲ್ಲ.

ಮಿಲ್ಲಿನ ವಿಷಯ. ಹಿಟ್ಟಿನ ಮಿಷನ್ ಒಂದೇ ಓಡುತ್ತಿದೆ. ಖಾರದ ಕೋಣೆಗೆ ಅವಳು ಹಾಸಿಗೆ ಹಿಡಿದ ದಿನ ಹಾಕಿದ ಚಿಲಕ ಹಾಗೇ ಇದೆ. ಇನ್ನು ಹದಿನೈದು ದಿನಕ್ಕೆ ಹೊಸ ಮೆಣಸಿನಕಾಯಿ ಬರುತ್ತದೆ. ಮೇ ತಿಂಗಳವರೆಗೆ ಜನ ವರ್ಷದ ಖಾರದ ಪುಡಿ, ಸಾರಿನ ಪುಡಿ ಹಾಕಿಸುತ್ತಾರೆ. ಇಂದಿರಾನಗರದ ಡಬಲ್ ರೋಡಿನ ಒಬ್ಬರು ನಿನ್ನೆ ಬಂದಿದ್ದರು. ‘ಏನ್ ಬೈಲಪ್ಪೋರೆ, ಖಾರ ನಿಲ್ಲಿಸ್ಬಿಟ್ರಾ? ರಾಗಿಗೊಂದ್ ಕಡೆ, ಖಾರಕ್ಕೊಂದ್ ಕಡೆ ಯಾರ್ ಹೊತ್ಕೊಂಡ್ ಓಡಾಡ್ತಾರೆ ಹೇಳಿ. ಎಲ್ಲಾ ಬೇರೆ ಕಡೆನೇ ಹಾಕಿಸ್ಕೋತೀವಿ.’ ಅವರು ಹೇಳಿದ್ದು ಸರಿ. ಖಾರ ತರುವವರೇ ರಾಗಿಯನ್ನೂ ತರುವುದು. ಒಂದು ಹೋದರೆ ಎರಡೂ ಹೋಗುತ್ತದೆ.

ಬಾಗಿಲು ತೆಗೆಯಬೇಕೆಂದು ಯೋಚಿಸಿದ್ದೇನೆ. ನೀನು ಏನು ಹೇಳುತ್ತೀಯ? ನಿನ್ನ ಉತ್ತರ ಬರುವವರೆಗೆ ಚಿಲಕ ಮುಟ್ಟುವುದಿಲ್ಲ.

ಅಪ್ಪ

*

ಕೆ.ಆರ್. ಪುರಂ
20 ಜನವರಿ 2024

ಅಪ್ಪನಿಗೆ,

ತೀರ್ಮಾನ ಮಾಡಿದ ಮೇಲೆ ಕೇಳುವುದು ನಿಮ್ಮ ಹಳೆಯ ಅಭ್ಯಾಸ. ಅಮ್ಮನನ್ನೂ ಹೀಗೇ ಕೇಳುತ್ತಿದ್ದಿರಿ.

ಆ ಕೋಣೆ ಎಂಟಡಿಗೆ ಹತ್ತಡಿ. ಕಿಟಕಿ ಇಲ್ಲ. ಮುಂದೆ ಇದ್ದ ಖಾರದ ಮಿಷನ್ನನ್ನು ನೀವು ಅಲ್ಲಿಗೆ ಸಾಗಿಸಿದಾಗ ನಾನು ಚಿಕ್ಕವಳು. ಆದರೂ ನೆನಪಿದೆ, ಊರೆಲ್ಲ ನಿಮ್ಮನ್ನು ಹೊಗಳಿತು. ‘ಬೈಲಪ್ಪನ ಮಿಲ್ಲಲ್ಲಿ ಗಂಟೆ ನಿಂತ್ರೂ ಒಂದ್ ಸೀನ್ ಬರಲ್ಲ ಕಣ್ರಿ.’ ಗಿರಾಕಿ ಹೆಚ್ಚಾದರು. ಗಿರಾಕಿಗಳು ಸೀನದೆ ಉಳಿಸಿದ ಧೂಳೆಲ್ಲ ಒಳಗೆ ಕೂತ ಒಬ್ಬಳ ಎದೆಗೆ ಹೋಯಿತು.

ಇನ್ನೊಂದು ಬರೆಯುತ್ತೇನೆ. ಇದನ್ನು ಫೋನಿನಲ್ಲಿ ಹೇಳಿದರೆ ನೀವು ಇಡುತ್ತೀರಿ. ಆಸ್ಪತ್ರೆಯಲ್ಲಿ ಮೊದಲ ದಿನ ಡಾಕ್ಟರು ಕೇಳಿದ್ದು ಅಮ್ಮನನ್ನು. ‘ಏನ್ ಕೆಲ್ಸ ಮಾಡ್ತೀರಮ್ಮ?’ ಅಮ್ಮ ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ, ‘ಮನೇಲೇ ಇರ್ತಾಳೆ ಸಾರ್.’ ಅಮ್ಮ ನಿಮ್ಮ ಮುಖ ನೋಡಿ ಸುಮ್ಮನಾದಳು. ಅವರು ಗೃಹಿಣಿ ಎಂದು ಬರೆದುಕೊಂಡರು. ಆಮೇಲೆ ಮನೆಯ ಹತ್ತಿರ ಪಾರಿವಾಳ ಇದೆಯಾ, ಸೌದೆ ಒಲೆ ಇದೆಯಾ, ಯಾರಾದರೂ ಬೀಡಿ ಸೇದುತ್ತಾರಾ ಎಂದು ತಿಂಗಳುಗಟ್ಟಲೆ ಅವಳ ಶ್ವಾಸಕೋಶ ಕೆಟ್ಟಿದ್ದಕ್ಕೆ ಕಾರಣ ಹುಡುಕಿದರು. ಫೈಲು ನನ್ನ ಹತ್ತಿರ ಇದೆ. ನಾನೂ ಅಲ್ಲೇ ನಿಂತಿದ್ದೆ, ನಾನೂ ಬಾಯಿ ಬಿಡಲಿಲ್ಲ. ಅದು ನನ್ನ ಪಾಲು.

ಮಿಷನ್ ನಿಮ್ಮದು. ಏನಾದರೂ ಮಾಡಿಕೊಳ್ಳಿ. ಆದರೆ ಆ ಕೋಣೆಯಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಅಮ್ಮನ ವರ್ಷದ ಕಾರ್ಯಕ್ಕೆ ನಾನು ಬರುವುದಿಲ್ಲ. ಒಬ್ಬಳೇ ಮಗಳು ಬರಲಿಲ್ಲವೆಂದು ಜನ ಕೇಳಿದರೆ ನೀವೇ ಉತ್ತರ ಹೇಳಿ.

ರಮ್ಯ

*

ದೊಮ್ಮಲೂರು
12 ಫೆಬ್ರವರಿ 2024

ರಮ್ಯ,

ನಿನ್ನ ಕಾಗದವನ್ನು ಒಂದು ಸಲ ಓದಿ ದೇವರ ಮನೆಯಲ್ಲಿ ಇಟ್ಟೆ. ಮತ್ತೆ ತೆಗೆದು ಓದಲಿಲ್ಲ.

ಮಿಷನ್ನಿನ ಸವೆದ ಕಲ್ಲು ಕುಟ್ಟಲು ಸನಾವುಲ್ಲಾ ಬಂದಿದ್ದ. ಶಿವಾಜಿನಗರದಿಂದ ಚೀಲದಲ್ಲಿ ಉಳಿ ಸುತ್ತಿಗೆ ತುಂಬಿಕೊಂಡು ಬರುತ್ತಿದ್ದನಲ್ಲ, ಅವನೇ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಖಾರದ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಕಾಲಿಡಲಿಲ್ಲ.

‘ಬೈಲಪ್ಪಣ್ಣ, ಕಲ್ಲು ಆಮೇಲೆ ಹೊಡೆಯೋಣ. ಮೊದ್ಲು ಈ ಗೋಡೆ ಹೊಡೀರಿ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ.’

‘ಗೋಡೆ ಆಚೆ ಚಿಪ್ಸ್ ಅಂಗಡಿ ಐತಲ್ಲೋ.’

‘ಐತೆ. ಖಾಲಿ ಮಾಡ್ಸಿ. ಅರೆ, ಅವನೇನ್ ನಿಮ್ ಅಳಿಯನಾ?’

‘ಡಿಸೆಂಬರ್ ತನಕ ಕರಾರೈತೆ.’

‘ಹಂಗಾದ್ರೆ ಡಿಸೆಂಬರ್ ತನಕ ಉಸ್ರು ಹಿಡ್ಕಂಡ್ ಕೂತ್ಕೊಳಿ’ ಎಂದು ಉಳಿ ತೆಗೆದ.

ನಕ್ಕೆ. ಅವನು ನಗಲಿಲ್ಲ.

ನಿನ್ನೆ ಭಾನುವಾರ ಖಾರದ ಮಿಷನ್ ಓಡಿಸಿದೆ. ನಾನೇ ಕೂತೆ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದೆ. ಮೊದಲ ಡಬ್ಬ ಮುಗಿಯುವಷ್ಟರಲ್ಲಿ ಕಣ್ಣು ಉರಿದು ಜರಡಿಯೇ ಕಾಣಲಿಲ್ಲ. ಇಷ್ಟು ವರ್ಷ ನಿನ್ನ ಅಮ್ಮ ಮಧ್ಯಾಹ್ನ ಆಚೆ ಬಂದು, ಕೈ ತೊಳೆದು, ನನಗೆ ಮುದ್ದೆ ಬಡಿಸುತ್ತಿದ್ದಳು. ಕಣ್ಣು ಕೆಂಪಗಿರುತ್ತಿದ್ದವು. ಅವಳ ಕಣ್ಣೇ ಹಾಗೆ ಎಂದುಕೊಂಡಿದ್ದೆ.

ನಾನು ಕೂರುತ್ತೇನೆ, ಬೇರೆ ಯಾರನ್ನೂ ಕೂರಿಸುವುದಿಲ್ಲ. ನೀನು ನಿಶ್ಚಿಂತೆಯಿಂದಿರು.

ಅಪ್ಪ

*

ಕೆ.ಆರ್. ಪುರಂ
11 ಮಾರ್ಚ್ 2024

ಅಪ್ಪನಿಗೆ,

ಶನಿವಾರ ದೊಮ್ಮಲೂರಿಗೆ ಬಂದಿದ್ದೆ. ಶಾಲೆಯ ಕಚೇರಿಗೆ ರಜೆ ಇತ್ತು. ನಿಮಗೆ ಹೇಳದೆ ಬಂದೆ, ಮನಸ್ಸು ಸ್ವಲ್ಪ ಮೆತ್ತಗಾಗಿತ್ತು. ನೀವು ಮಿಷನ್ನಿನ ಬೆಲ್ಟ್ ತರಲು ಹೋಗಿದ್ದಿರಂತೆ. ಒಳಗಿನ ಕೋಣೆಯಿಂದ ಒಬ್ಬ ಹೆಂಗಸು ಬಂದಳು. ತಲೆಗೂದಲಿನಿಂದ ಕಾಲಿನವರೆಗೆ ಕೆಂಪು.

‘ಯಾರ್ ಬೇಕ್ರೀ ಅಕ್ಕಾರ?’

ನಾನು ಯಾರೆಂದು ಹೇಳಲಿಲ್ಲ. ಗಿರಾಕಿಯಂತೆ ನಿಂತು ಮಾತಾಡಿಸಿದೆ. ಹೆಸರು ಅಮೃತಮ್ಮ. ಯಾದಗಿರಿ ಕಡೆಯವಳು. ಮರ್ಫಿ ಟೌನಿನಲ್ಲಿ ಒಂದು ಬಾಡಿಗೆ ಕೋಣೆ. ಗಂಡ ಅಮರಪ್ಪ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಇದೆಲ್ಲ ನಿಮಗೆ ಗೊತ್ತಿರುತ್ತದೆ.

‘ಎಷ್ಟ್ ದಿನ ಆಯ್ತು ಇಲ್ಲಿಗೆ ಬಂದು?’

‘ಮೂರು ವಾರ ಆತ್ರಿ. ಮೊದಲ ಸಾವಕಾರ್ರ ಕುಂತಿದ್ರಂತ. ಮೂರನೇ ದಿನಕ್ಕ ಕಣ್ಣು ಬಾತು ಬಂದ್ವಂತ. ಅವರಿಗೆ ಆಗಂಗಿಲ್ರಿ, ವಯಸ್ಸಾಗ್ಯಾದ.’

‘ನಿಮಗಾಗುತ್ತಾ?’

ಅವಳು ನಕ್ಕಳು. ‘ನಮಗೇನ್ರೀ, ಸಣ್ಣಾಕಿದ್ದಾಗಿಂದ ಮೆಣಸಿನಕಾಯಿ ಬಿಡಸಾಕ ಗುಂಟೂರಿಗೆ ಹೋಗೀನಿ. ಖಾರಕ್ಕ ನನ್ನ ಗುರ್ತ ಅದ.’

ಮುಖಕ್ಕೆ ಕಟ್ಟಿಕೊಳ್ಳಲು ಏನೂ ಕೊಟ್ಟಿಲ್ಲವಾ ಎಂದೆ. ಮಾಸ್ಕ್ ಕೊಟ್ಟಿದ್ದೀರಂತೆ, ಹಾಕಿದರೆ ಉಸಿರು ಸಿಕ್ಕಿಕೊಳ್ಳುತ್ತದಂತೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ‘ಸಾವಕಾರ್ರು ಭಾಳ ಚಲೋ ಮಂದಿ ಬಿಡ್ರಿ. ದಿನಾ ಬೆಲ್ಲ ಕೊಡ್ತಾರ. ಬಾಯಾಗ ಇಟ್ಕೊಂಡ್ರ ಧೂಳು ಎದಿಗೆ ಇಳಿಯಂಗಿಲ್ಲಂತ, ಬೆಲ್ಲದ ಕೂಡ ಹೊಟ್ಟಿಗೆ ಹೋಗತದಂತ.’

ಅಮ್ಮನಿಗೂ ಕೊಡುತ್ತಿದ್ದಿರಿ. ಮಂಡ್ಯದಿಂದಲೇ ತರಿಸಬೇಕು, ಉಂಡೆ ಬೆಲ್ಲವೇ ಆಗಬೇಕು. ತಿಂಗಳು ತಪ್ಪಿಸಲಿಲ್ಲ. ಗಂಡ ತನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಈಗ ಅಮೃತಮ್ಮ ಹೇಳುತ್ತಿದ್ದಾಳೆ.

ನಿಶ್ಚಿಂತೆಯಿಂದಿರು ಎಂದು ಬರೆದಿದ್ದಿರಿ. ಕಾಗದದಲ್ಲಿ ನೀವು ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದೆ.

ರಮ್ಯ

*

ದೊಮ್ಮಲೂರು
18 ಮಾರ್ಚ್ 2024

ರಮ್ಯ,

ಬರೆದಾಗ ಅದು ಸುಳ್ಳಾಗಿರಲಿಲ್ಲ. ಮೂರು ದಿನ ಕೂತೆ. ನಾಲ್ಕನೆಯ ದಿನ ಕಣ್ಣು ತೆರೆಯಲು ಆಗಲಿಲ್ಲ. ಮುಂದೆ ಹನ್ನೊಂದು ಡಬ್ಬ ಸಾಲಾಗಿ ಇದ್ದವು.

ನಿನಗೆ ತಿಂಗಳು ತುಂಬಿದರೆ ಸಂಬಳ ಬರುತ್ತದೆ. ಅಂಗಡಿ ಬಾಗಿಲು ತೆಗೆದು ಕೂರುವವನ ಪಾಡು ನಿನಗೆ ಗೊತ್ತಿಲ್ಲ. ಒಂದು ಸೀಸನ್ ಬಿಟ್ಟರೆ ಆ ಗಿರಾಕಿ ಮತ್ತೆ ಬರುವುದಿಲ್ಲ. ಆ ಹೆಂಗಸನ್ನು ನಾನು ಎಳೆದು ತಂದಿಲ್ಲ. ಅವಳ ಗಂಡನೇ ಬಂದು ಕೇಳಿದ. ನಾನು ಬೇಡ ಎಂದಿದ್ದರೆ ಇನ್ನೊಬ್ಬರು ಬಾ ಎನ್ನುತ್ತಿದ್ದರು.

ನೀನು ಅಮ್ಮನ ಹೆಸರಲ್ಲಿ ನನಗೆ ತೀರ್ಪು ಬರೆಯುತ್ತಿದ್ದೀಯ. ಹಾಗಾದರೆ ಇದನ್ನೂ ಕೇಳಿಕೋ. ಮಿಷನ್ ಒಳಗೆ ಹೋದದ್ದು ಗಿರಾಕಿಗಾಗಿ ಅಲ್ಲ. ನಿನಗಾಗಿ. ನಿನಗೆ ಒಂಬತ್ತು ವರ್ಷ. ಸ್ಕೂಲಿಂದ ಬಂದು ಮುಂದೆ ಗೋಧಿ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೆ. ಆ ವರ್ಷ ಮೂರು ಸಲ ನಿನಗೆ ಉಸಿರು ಕಟ್ಟಿತು, ಮೂರು ಸಲವೂ ಹೆಗಲ ಮೇಲೆ ಹಾಕಿಕೊಂಡು ಹಲಸೂರಿನ ಆಸ್ಪತ್ರೆಗೆ ಓಡಿದೆ. ಖಾರದ ಗಾಳಿ ಮಗುವಿಗೆ ತಾಗಬಾರದು ಎಂದರು. ಮಿಷನ್ ಮಾರಿಬಿಡುತ್ತೇನೆ ಎಂದೆ. ನಿನ್ನ ಅಮ್ಮ ಬೇಡ ಎಂದಳು. ‘ಮಾರ್ಬಿಟ್ರೆ ಇವಳ್ನ ಓದ್ಸೋದೆಂಗೆ? ಒಳಗಾಕಿ. ನಾನ್ ಕೂತ್ಕೋತೀನಿ.’ ಇದು ಅವಳ ಮಾತು. ನಿನಗೆ ಯಾವತ್ತೂ ಹೇಳಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಈಗ ಹೇಳಿದ್ದೇನೆ. ನಿನ್ನ ಪಾಲು ಎಂದು ಆ ದಿನ ಬರೆದೆಯಲ್ಲ, ಇದನ್ನೂ ಸೇರಿಸಿಕೋ.

ಬೈಲಪ್ಪ

*

ದೊಮ್ಮಲೂರು
2 ಮೇ 2024

ರಮ್ಯಳಿಗೆ,

ಆರು ವಾರ ಆಯಿತು. ಅಂಚೆಯವನು ದಿನವೂ ಎದುರಿನ ಮನೆಗೆ ಬಂದು ಹೋಗುತ್ತಾನೆ. ಹಿಂದಿನ ಕಾಗದವನ್ನು ಡಬ್ಬಿಗೆ ಹಾಕಿ ಬಂದವನು ಮತ್ತೆ ಅಂಚೆ ಕಚೇರಿಗೆ ಹೋದೆ. ಹಾಕಿದ್ದನ್ನು ವಾಪಸ್ ಕೊಡಲು ಆಗುವುದಿಲ್ಲ ಎಂದರು.

ಅದರಲ್ಲಿ ಬರೆದದ್ದು ನಿಜ. ಆದರೆ ಅರ್ಧ. ಉಳಿದರ್ಧ ಬರೆಯುತ್ತೇನೆ.

ಮಿಷನ್ ಒಳಗೆ ಹಾಕಿದಾಗ ಆ ಕೋಣೆಗೆ ಕಿಟಕಿ ಇತ್ತು. ಪಕ್ಕದ ಓಣಿಗೆ ತೆರೆಯುತ್ತಿತ್ತು. ಎರಡು ವರ್ಷ ನಿನ್ನ ಅಮ್ಮ ಆ ಕಿಟಕಿ ತೆಗೆದುಕೊಂಡೇ ಕೂರುತ್ತಿದ್ದಳು. ಆಮೇಲೆ ಓಣಿಯನ್ನು ಮುಚ್ಚಿ ಚಿಪ್ಸ್ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟೆ. ‘ನಿಮ್ ಖಾರ ಹಾರ್ಕೊಂಡ್ ಬಂದು ನನ್ ಬಾಳೆಕಾಯ್ ಮೇಲೆ ಬೀಳುತ್ತೆ’ ಅಂತ ಅವನು ಗಲಾಟೆ ಮಾಡಿದ. ಮೇಸ್ತ್ರಿಯನ್ನು ಕರೆಸಿ ಕಿಟಕಿಗೆ ಇಟ್ಟಿಗೆ ಕಟ್ಟಿಸಿದೆ. ಒಂದೇ ದಿನದ ಕೆಲಸ. ಸಂಜೆ ಅವಳು ಬಂದು ಗೋಡೆಯನ್ನು ಮುಟ್ಟಿ ನೋಡಿದಳು. ‘ಗಾಳಿಗೇನ್ ಮಾಡ್ಲಿ?’ ಎಂದಳು. ಜಗಳ ಮಾಡುವ ದನಿಯಲ್ಲ. ಯಾವ ಪಾತ್ರೆಯಲ್ಲಿ ಅನ್ನ ಇಡಲಿ ಎಂದು ಕೇಳಿದ ಹಾಗೆ ಕೇಳಿದಳು. ಮಾರನೆಯ ದಿನ ನಾನು ಬೆಲ್ಲ ತಂದೆ. ಹಳೆಯ ಮಿಲ್ಲಿನವರು ಯಾರೋ ಹೇಳಿದ್ದರು, ನಂಬಿದೆ. ನಂಬುವುದು ಸುಲಭವಾಗಿತ್ತು.

ಅದನ್ನು ಒಳ್ಳೆಯ ತೀರ್ಮಾನ ಎಂದೇ ಎಣಿಸಿದ್ದೆ. ಓಣಿ ಬಾಡಿಗೆ ತಂದಿತು, ಗಿರಾಕಿ ಬಂದರು, ನಿನ್ನ ಉಬ್ಬಸ ನಿಂತಿತು. ಎಲ್ಲ ಸರಿಹೋದ ಮೇಲೆ ತಪ್ಪು ಎಲ್ಲಿದೆ ಎಂದು ಯಾರು ಹುಡುಕುತ್ತಾರೆ?

ಆಸ್ಪತ್ರೆಯ ಮಾತು. ಮಿಲ್ಲು ಎಂದು ಹೇಳಿದರೆ ಯಾರಾದರೂ ಬಂದು ಬೀಗ ಹಾಕಿಸುತ್ತಾರೆ ಎಂಬ ಭಯ ಬಂತು. ಆಗ ಮನಸ್ಸಿನಲ್ಲಿ ಇದ್ದದ್ದು ಅದೊಂದೇ. ಇವಳು ಎದ್ದು ಬರುತ್ತಾಳೆ, ಬಂದಾಗ ಮಿಲ್ಲು ಇರಬೇಕು ಎಂದು.

ಅಮೃತಮ್ಮ ಹೋದ ವಾರದಿಂದ ಗಂಟಲು ಸರಿಮಾಡಿಕೊಳ್ಳಲು ಶುರುಮಾಡಿದ್ದಾಳೆ. ಕೆಮ್ಮಲ್ಲ. ಮಾತಾಡುವ ಮೊದಲು ಒಂದು ಸಲ, ಮಾತಾಡಿದ ಮೇಲೆ ಒಂದು ಸಲ, ಅಷ್ಟೆ. ಅವಳಿಗೆ ಅದು ಗೊತ್ತಿಲ್ಲ. ನನಗೆ ಆ ಶಬ್ದ ಗೊತ್ತು. ಹಿಟ್ಟಿನ ಮಿಷನ್ ಓಡುತ್ತಿದ್ದರೂ ಕೇಳುತ್ತದೆ.

ಸೀಸನ್ ಮುಗಿಯಲು ಇನ್ನೊಂದು ತಿಂಗಳು. ಇದೊಂದು ತಿಂಗಳು ಕಳೆಯಲಿ.

ಅಪ್ಪ

*

ಕೆ.ಆರ್. ಪುರಂ
16 ಮೇ 2024

ಅಪ್ಪ,

ಮಾರ್ಚ್‌ನಿಂದ ನಾನು ಸರಿಯಾಗಿ ಮಲಗಿಲ್ಲ. ಉಸಿರು ಎಳೆದುಕೊಳ್ಳುವಾಗಲೆಲ್ಲ ಇದು ಯಾರದು ಎನ್ನಿಸುತ್ತದೆ. ನಿಮಗೆ ಬೇಕಾಗಿದ್ದು ಇದೇ ಆಗಿದ್ದರೆ, ಆಯಿತು.

ನನಗೆ ಒಂಬತ್ತು ವರ್ಷವಾಗಿತ್ತು, ಕಿಟಕಿ ಮುಚ್ಚಿಸಿದಾಗ ಹನ್ನೊಂದು. ಯಾವ ಗೋಡೆಗೆ ಯಾರು ಇಟ್ಟಿಗೆ ಕಟ್ಟಿಸಿದರೆಂದು ನೋಡುವ ವಯಸ್ಸಲ್ಲ. ಇದನ್ನು ನನಗೆ ನಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಒಂದೇ ಪ್ರಶ್ನೆ. ಅಮ್ಮ ಕೂತದ್ದು ನನಗಾಗಿ, ಸರಿ. ಅಮೃತಮ್ಮ ಯಾರಿಗಾಗಿ ಕೂತಿದ್ದಾಳೆ?

ರಮ್ಯ

*

ದೊಮ್ಮಲೂರು
2 ಸೆಪ್ಟೆಂಬರ್ 2024

ರಮ್ಯಳಿಗೆ,

ನಿನ್ನ ಪ್ರಶ್ನೆ ಬಂದ ದಿನವೇ ಮಿಷನ್ ನಿಲ್ಲಿಸಿದೆ. ಸೀಸನ್ ಇನ್ನೂ ಎರಡು ವಾರ ಇತ್ತು. ಡಬ್ಬಗಳನ್ನು ಹಾಗೇ ವಾಪಸ್ ಕೊಟ್ಟು ಕಳಿಸಿದೆ, ಕೆಲವರು ಬೈದರು. ಅಂದೇ ನಿನಗೆ ಬರೆಯಬೇಕಾಗಿತ್ತು. ಬರೆಯಲು ಕೂತೆ ಕೂಡ. ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ, ಪೂರ್ತಿಯಾದ ಮೇಲೆ ಬರೆಯೋಣ ಎಂದುಕೊಂಡೆ. ಪೂರ್ತಿಯಾದ ಮೇಲೆ ಬರೆಯುವ ಮುಖ ಉಳಿಯಲಿಲ್ಲ.

ಅಮೃತಮ್ಮನನ್ನು ಕರೆದು ನಾಳೆಯಿಂದ ಬರಬೇಡಮ್ಮ ಎಂದೆ. ಕಾರಣವನ್ನೂ ಹೇಳಿದೆ. ಈ ಕೋಣೆಯಲ್ಲಿ ಕೂತು ನನ್ನ ಹೆಂಡತಿ ಹೋದಳು ಎಂದು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಅವಳ ಮುಂದೆ. ಅವಳು ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾದಳು.

‘ಇದನ್ನ ಕೂಡ್ರಿಸೋ ಮೊದಲ ಹೇಳಬೇಕಿತ್ತಲ್ರೀ ಸಾವಕಾರ್ರ. ಈಗ ಹೇಳಿ ನನ್ನ ಕೆಲಸ ಕಸಗೊಂಡ್ರ ನಿಮಗ ಪುಣ್ಯ ಬರತದೇನು? ಇನ್ನೊಂದು ಕಡೆ ಕೆಲಸ ನೀವ ಹುಡಿಕಿ ಕೊಡ್ರಿ ಮತ್ತ.’

ಅವಳ ಮಾತು ನ್ಯಾಯ ಎನ್ನಿಸಿತು.

ಜೂನಿನಲ್ಲಿ ಮಿಷನ್ ಕೊಳ್ಳಲು ವಕಾರ್ ಎನ್ನುವವನು ಬಂದ. ಮರ್ಫಿ ಟೌನಿನಲ್ಲಿ ಹೊಸದಾಗಿ ಮಿಲ್ಲು ಹಾಕಿದ್ದಾನೆ. ಒಳ್ಳೆಯ ಮಾತಿನವನು. ಸುತ್ತ ತಿರುಗಿ ನೋಡಿ, ‘ಮಾಲ್ ಚೆನ್ನಾಗೈತೆ ಅಂಕಲ್. ಆದ್ರೆ ಇದನ್ನ ನಡ್ಸೋರ್ ಎಲ್ಲಿ ಸಿಗ್ತಾರೆ? ಖಾರ ಅಂದ್ರೆ ಒಬ್ರೂ ನಿಲ್ಲಲ್ಲ’ ಎಂದ. ನಾನು ಯೋಚನೆಯನ್ನೇ ಮಾಡಲಿಲ್ಲ. ‘ನಡ್ಸೋಳು ಇದ್ದಾಳೆ, ನಿಮ್ ಏರಿಯಾದಲ್ಲೇ ಮನೆ’ ಎಂದುಬಿಟ್ಟೆ. ವ್ಯಾಪಾರ ಆಗಲೇ ಕುದುರಿತು. ಮಿಷನ್ನಿಗೆ ಒಳ್ಳೆಯ ಬೆಲೆ, ಅವಳಿಗೆ ಮನೆಯ ಹತ್ತಿರ ಕೆಲಸ, ಕೋಣೆ ಖಾಲಿ. ಅಮರಪ್ಪ ಬಂದು ಕೈ ಮುಗಿದು ಹೋದ. ನಾಲ್ಕೈದು ದಿನ ನನಗೂ ನೆಮ್ಮದಿಯಾಗಿತ್ತು. ಆ ನೆಮ್ಮದಿ ಹಳೆಯ ಪರಿಚಯದ್ದು, ಕಿಟಕಿ ಮುಚ್ಚಿಸಿದ ದಿನದ್ದು ಎಂದು ನನಗೆ ಹೊಳೆಯಲಿಲ್ಲ.

ಮುಂದಿನ ಮಂಗಳವಾರಕ್ಕೆ ನಿನ್ನ ಅಮ್ಮ ಹೋಗಿ ವರ್ಷ. ಎಡೆಗೆ ಅವಳಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು ಮಾಡಿಸಬೇಕು ಎಂದುಕೊಂಡೆ. ಮನೆಯಲ್ಲಿ ಸಾರಿನ ಪುಡಿ ಇರಲಿಲ್ಲ. ಮೆಣಸಿನಕಾಯಿ, ಧನಿಯ ಹುರಿದುಕೊಂಡು ನಿನ್ನೆ ಮರ್ಫಿ ಟೌನಿಗೆ ಹೋದೆ. ಬೇರೆ ಮಿಲ್ಲುಗಳೂ ಇದ್ದವು. ಒಂದು ಸಲ ನೋಡಿಬರಬೇಕು ಎಂದೇ ಅಲ್ಲಿಗೆ ಹೋದೆ.

ವಕಾರ್ ಮಿಷನ್ನನ್ನು ಮೆಟ್ಟಿಲ ಕೆಳಗೆ ಇಟ್ಟಿದ್ದಾನೆ. ನಮ್ಮ ಕೋಣೆಯ ಅರ್ಧವೂ ಇಲ್ಲ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮುಂದೆ ಪ್ಲಾಸ್ಟಿಕ್ ಪರದೆ ಕಟ್ಟಿದ್ದಾನೆ, ಗಿರಾಕಿಗೆ ಧೂಳು ಬರಬಾರದಲ್ಲ. ಪರದೆಯ ಆಚೆ ಅಮೃತಮ್ಮ ಕೆಮ್ಮುತ್ತಿದ್ದಳು. ಈಗ ಕೆಮ್ಮೇ. ಪರದೆ ಸರಿಸಿ ನನ್ನನ್ನು ನೋಡಿ ಮುಖ ಅರಳಿಸಿದಳು.

‘ಸಾವಕಾರ್ರ! ಯಾಕ್ರೀ ಇಷ್ಟು ಸೊರಗೀರಿ? ಅಮ್ಮಾರ ತಿಥಿಗೇನ್ರಿ ಇದು? ಕೊಡ್ರಿ, ಎರಡ್ ಸಲ ಹಾಕಿ ಸಣ್ಣಗ ಮಾಡಿ ಕೊಡ್ತೀನಿ.’

ಬೇಡ, ಒಂದು ಸಲ ಸಾಕು ಎಂದೆ. ಅವಳು ಕೇಳಲಿಲ್ಲ. ಎರಡು ಸಲವೂ ನಾನು ಪರದೆಯ ಈಚೆಯೇ ನಿಂತಿದ್ದೆ. ಒಂದು ಸೀನೂ ಬರಲಿಲ್ಲ. ವಕಾರ್‌ನನ್ನು ಕರೆದು ಗೋಡೆಯಲ್ಲಿ ಒಂದು ತೂತು ಹೊಡೆಸಪ್ಪ, ಫ್ಯಾನ್ ಹಾಕಿಸು ಎಂದೆ. ‘ಆ ಕಡೆ ಓನರ್ ಬೆಡ್‌ರೂಮ್ ಅಂಕಲ್’ ಎಂದ. ‘ನೋಡೋಣ, ಡಿಸೆಂಬರ್‌ಗೆ ಅಗ್ರಿಮೆಂಟ್ ಬದಲಾಗುತ್ತೆ.’

ದುಡ್ಡು ಕೊಟ್ಟು ಪುಡಿ ತೆಗೆದುಕೊಂಡು ಬಂದೆ.

ನೀನು ಹಾಕಿದ ಷರತ್ತು ಹಾಗೇ ನಡೆದಿದೆ ರಮ್ಯ. ನಮ್ಮ ಕೋಣೆಯಲ್ಲಿ ಈಗ ಯಾರೂ ಕೂತಿಲ್ಲ. ಅಷ್ಟು ಮಾತ್ರ ಬರೆದು ನಿನ್ನನ್ನು ಕರೆಯಬಹುದಾಗಿತ್ತು. ಬೆಳಗಿನಿಂದ ಅಷ್ಟನ್ನೇ ಎರಡು ಕಾಗದದಲ್ಲಿ ಬರೆದು ಹರಿದೆ.

ಮಂಗಳವಾರ ಹನ್ನೆರಡು ಗಂಟೆಗೆ ಎಡೆ ಇಡುತ್ತೇನೆ. ಬಸ್ಸಾರಿಗೆ ಹಾಕುವುದು ಆ ಪುಡಿಯೇ. ನೀನು ಬಂದು, ಉಣ್ಣದೆ ಎದ್ದು ಹೋದರೂ ಏಕೆಂದು ನಾನು ಕೇಳುವುದಿಲ್ಲ.

ಅಪ್ಪ